ಎಂಟು ಹಳದಿ, ಒಂದು ಕೆಂಪು

ಶಿಷ್ಯ ಕೇಳಿದ: "ಗುರುಗಳೇ, ದಾರಿಯಲ್ಲಿ ಹೋಗುವವರನ್ನು ಕರೆದು ಕೂರಿಸಿ ನಾವು ಗಂಜಿ ಕೊಡುತ್ತೇವೆ. ಉಂಡವರು ನಿಮ್ಮ ಮಾತಿಗೆ ಆಕಳಿಸುತ್ತಾರೆ. ಹೊಳೆಯಾಚೆಯ ಗುರುಗಳು ಒಂದು ಲೋಟ ನೀರನ್ನೂ ಕೊಡುವುದಿಲ್ಲ. ಅವರ ಮಾತು ಕೇಳಲು ಜನ ಬಿಸಿಲಲ್ಲಿ ನಿಲ್ಲುತ್ತಾರೆ. ನಾವು ಗಂಜಿ ನಿಲ್ಲಿಸೋಣವೇ? ಇಲ್ಲಾ ಅವರಂತೆ ಬಾಗಿಲಿಗೊಂದು ಬಣ್ಣದ ಫಲಕ ಹಾಕೋಣವೇ? ನನಗೊಂದೂ ತಿಳಿಯದಾಗಿದೆ."

ಗುರು ಹೇಳಿದ: "ನನಗೂ ತಿಳಿಯದು. ಆದರೆ ಫಲಕ ಅಂದೆಯಲ್ಲ, ಒಂದು ಕತೆ ನೆನಪಾಯಿತು. ಇದರಲ್ಲಿ ದ್ರಾಕ್ಷಾರಸ ಬರುತ್ತದೆ, ಹುದುಗಿಸಿದ್ದು. ಮುಖ ಸಿಂಡರಿಸಬೇಡ. ಕತೆಯಲ್ಲಿ ಕುಡಿದರೆ ಅಮಲೇರುವುದಿಲ್ಲ."

ಒಂದು ಊರು. ಅಲ್ಲಿ ಒಂಬತ್ತು ಮನೆಯವರು ದ್ರಾಕ್ಷಿ ಬೆಳೆದು, ಹಿಂಡಿ, ಗಡಿಗೆಯಲ್ಲಿ ಹುದುಗಿಸಿ ರಸ ಮಾಡುತ್ತಿದ್ದರು. ಉಳಿದವರು ಅಡುಗೆಯಲ್ಲಿ ಗಟ್ಟಿಗರು. ಎಲ್ಲರೂ ಕೂಡಿ ಒಂದು ದಿನ ಗೊತ್ತು ಮಾಡಿದರು. ಅಂದು ಸುತ್ತಲಿನ ಊರವರು ಬರಬೇಕು, ಅಡುಗೆಯ ರುಚಿ ನೋಡಬೇಕು, ರಸದ ರುಚಿ ನೋಡಬೇಕು.

ಆ ಒಂಬತ್ತರಲ್ಲಿ ಒಂದು ಮನೆ ಗಂಡನಿಲ್ಲದ ಒಬ್ಬ ಹೆಂಗಸಿನದು. ಅವಳ ಬಳ್ಳಿಗಳನ್ನು ಕಡಿದು ಬೇರೆ ಬೆಳೆ ಇಡಬೇಕೆಂದು ಮೈದುನನ ಆಸೆ. ರುಚಿ ನೋಡುವ ದಿನ ನಿನ್ನ ಗಡಿಗೆ ಬರಿದಾದರೆ ಬಳ್ಳಿ ಇರಲಿ, ರಸ ಉಳಿದರೆ ಕೊಡಲಿ ತರುತ್ತೇನೆ ಎಂದು ಅವನು ಹೇಳಿದ್ದ. ಅವಳು ಒಪ್ಪಿದ್ದಳು.

ಊರವರು ಒಬ್ಬ ಚಿತ್ರಗಾರನನ್ನು ಕರೆಸಿದರು. ಇಡೀ ಊರಿಗೆ ಒಂದೇ ಗುರುತು ಬೇಕು ಎಂದರು. ದ್ರಾಕ್ಷಿಯವರು ಗೊಂಚಲು ಬರೆ ಎಂದರು. ಅಡುಗೆಯವರು ಸೌಟು ಬರೆ ಎಂದರು. ಅವನು ಸೌಟಿನ ಹಿಡಿಗೆ ಗೊಂಚಲು ತೂಗುಹಾಕಿದಂತೆ ಬರೆದ. ಜಗಳ ನಿಂತಿತು. ಅದೇ ಗುರುತನ್ನು ಲೋಟಗಳ ಮೇಲೂ ಊರಬಾಗಿಲಿಗೆ ಕಟ್ಟುವ ಬಟ್ಟೆಯ ಮೇಲೂ ಬರೆದ. ಅಡುಗೆಗೆ ಚೀಟಿ ಬೇಡ, ಮೂಗೇ ಹೇಳುತ್ತದೆ ಎಂದರು. ಉಳಿದದ್ದು ಗಡಿಗೆಗಳ ಚೀಟಿ. ಓದು ಬಾರದವರಿಗೂ ತಿಳಿಯಲಿ ಎಂದು ಸಿಹಿಗೆ ಕೆಂಪು, ಹುಳಿಗೆ ಹಳದಿ ಎಂದು ಅವನೇ ಗೊತ್ತು ಮಾಡಿದ. ಮನುಷ್ಯ ಪ್ರಾಮಾಣಿಕ. ನಾಲಿಗೆಗೆ ಬೀಳದೆ ಕುಂಚ ಮುಟ್ಟುವುದಿಲ್ಲ ಎಂದು ಮನೆಮನೆಗೆ ಹೊರಟ.

ಬಂದವರಿಗೆ ಮೊದಲು ಬೆಲ್ಲ, ನೀರು, ಮಾತು ಆಮೇಲೆ. ಅದು ಆ ಊರಿನ ಪದ್ಧತಿ. ಮೊದಲ ಮನೆಯಲ್ಲಿ ಬೆಲ್ಲ ತಿಂದ, ನೀರು ಕುಡಿದ, ಆಮೇಲೆ ರಸ ಕುಡಿದ. ಹುಳಿ. ಎರಡನೆಯ ಮನೆಯಲ್ಲೂ ಬೆಲ್ಲ ತಿಂದ. ಅಲ್ಲೂ ಹುಳಿ. ಆ ಹೆಂಗಸಿನ ಮನೆಯಲ್ಲಂತೂ ಬೆಲ್ಲದ ಅಚ್ಚನ್ನೇ ಒಡೆದು ಕೊಟ್ಟಳು. ರಸ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಅವಳ ಬಳ್ಳಿಯ ವಿಷಯ ಅವನಿಗೂ ಗೊತ್ತಿತ್ತು. ಮನಸ್ಸು ತಡೆಯದೆ ಮರುದಿನ ಇನ್ನೊಮ್ಮೆ ಹೋದ. ಎರಡು ಸಲ ಬಂದ ನೆಂಟ ಎಂದು ಅವಳು ಇನ್ನೂ ದೊಡ್ಡ ತುಂಡು ಕೊಟ್ಟಳು. ರಸ ಇನ್ನಷ್ಟು ಹುಳಿಯಾಗಿತ್ತು.

ಒಂದೇ ಮಣ್ಣು, ಒಂದೇ ನೀರು, ಎಂಟು ಮನೆಯೂ ಹುಳಿ. ಅವನಿಗೆ ತಲೆಬುಡ ತಿಳಿಯಲಿಲ್ಲ.

ಒಂಬತ್ತನೆಯವನು ಬೇಲಿ ಕಟ್ಟುತ್ತಿದ್ದ. ಕೆಟ್ಟವನೇನಲ್ಲ, ಅವಸರದವನು. ಒಳಗೆ ಬಾ ಎನ್ನಲಿಲ್ಲ. ಬೇಲಿಯ ಮೇಲಿಂದಲೇ ಲೋಟ ಚಾಚಿ, ಬೇಗ ಕುಡಿದು ಕೊಡು, ಕೈಯಲ್ಲಿ ಮುಳ್ಳಿದೆ ಎಂದ. ಚಿತ್ರಗಾರ ಕುಡಿದ. ಸಿಹಿ. ಅವನಿಗೆ ಸಮಾಧಾನವಾಯಿತು. ನಾಲಿಗೆ ಕೆಟ್ಟಿಲ್ಲ ಎಂದುಕೊಂಡ. ಎಂಟು ಹಳದಿ ಬರೆದ, ಒಂದು ಕೆಂಪು ಬರೆದ.

ಗೊತ್ತು ಮಾಡಿದ ದಿನ ಜನ ಬಂದರು. ಕೆಂಪು ಚೀಟಿಯ ಮುಂದೆ ನೂಕುನುಗ್ಗಲು. ಹೆಂಗಸಿನ ಗಡಿಗೆಯ ಹತ್ತಿರ ಕೆಲವರು ಬಂದರು. ಅವಳು ಒಬ್ಬೊಬ್ಬರಿಗೂ ಮೊದಲು ಬೆಲ್ಲ ಕೊಟ್ಟಳು, ಆಮೇಲೆ ಲೋಟ ಕೊಟ್ಟಳು. ಅವರು ಮುಖ ಹಿಂಡಿ, ಚೀಟಿ ಬರೆದವನು ಬಲ್ಲವನು ಎಂದು ಹೊಗಳಿ ಹೋದರು.

ಹೊತ್ತು ಇಳಿಯಿತು. ಚಿತ್ರಗಾರ ಬೆಳಗಿನಿಂದ ಏನೂ ತಿಂದಿರಲಿಲ್ಲ. ಬಾಯಾರಿ ಅವಳ ಹತ್ತಿರ ಬಂದ. ಬೆಲ್ಲ ಮುಗಿದುಹೋಯಿತು, ಬರಿದೇ ಕೊಡುತ್ತಿದ್ದೇನೆ, ತಪ್ಪು ತಿಳಿಯಬೇಡ ಎಂದು ಅವಳು ನಾಚಿಕೊಂಡೇ ಲೋಟ ಕೊಟ್ಟಳು. ಅವನು ಕುಡಿದ. ಕೆಂಪು ಚೀಟಿಯ ರಸಕ್ಕಿಂತ ಸಿಹಿಯಾಗಿತ್ತು. ಗಡಿಗೆಯೊಳಗೆ ಬಗ್ಗಿ ನೋಡಿದ. ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು.

"ಅಕ್ಕಾ, ನೀವು ಬೆಲ್ಲ ಕೊಡದಿದ್ದರೆ ನಾನು ಕೆಂಪು ಬರೆಯುತ್ತಿದ್ದೆ. ಬಳ್ಳಿ ಉಳಿಯುತ್ತಿತ್ತು" ಎಂದ.

"ಹಾಗಾದರೆ ನಿನ್ನನ್ನು ಹೊಸಿಲಾಚೆ ನಿಲ್ಲಿಸಿ ಲೋಟ ಕೊಡಬೇಕಿತ್ತೇ ತಮ್ಮಾ?" ಎಂದಳು.

ಹೌದು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಇಲ್ಲ ಎಂದರೆ ಸುಳ್ಳಾಗುತ್ತಿತ್ತು. ಮೈದುನನ ಹತ್ತಿರ ಓಡಿ, ತಪ್ಪು ನನ್ನದು ಎಂದು ಹೇಳಿದ. ಮೈದುನ ನಕ್ಕು, ಹುಳಿ ಅಂತ ಬರೆದವನೂ ನೀನೇ, ಸಿಹಿ ಅನ್ನುವವನೂ ನೀನೇ, ನಾನು ಯಾವ ನಿನ್ನನ್ನು ನಂಬಲಿ ಎಂದು ಕೇಳಿದ. ಆ ವಾರವೇ ಬಳ್ಳಿಗಳನ್ನು ಕಡಿದರು.

ಮರುವರ್ಷ ಚಿತ್ರಗಾರ ಒಂದು ಕೆಂಪು ಚೀಟಿ ಬರೆದುಕೊಂಡು ಅವಳ ಮನೆಗೆ ಹೋದ. ಅಂಟಿಸಲು ಗಡಿಗೆ ಇರಲಿಲ್ಲ. ಹಿತ್ತಲಲ್ಲಿ ಬೇರೆ ಬೆಳೆ ನಿಂತಿತ್ತು. ಅವಳು ಅವನ ಮುಖ ನೋಡಿದಳು. ದೂರದಿಂದ ಬಂದಿದ್ದೀಯ, ಕುಳಿತುಕೋ ಎಂದಳು. ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟಳು. ಅವನು ತಿಂದ. ಚೀಟಿ ಕೈಯಲ್ಲೇ ಇತ್ತು.

ಗುರು ಕತೆ ನಿಲ್ಲಿಸಿದ. ಶಿಷ್ಯನಿಗೆ ಗೊಂದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. "ಅಂದರೆ ತಪ್ಪು ಬೆಲ್ಲದ್ದು ತಾನೇ ಗುರುಗಳೇ? ನಾಳೆಯಿಂದ ಗಂಜಿ ನಿಲ್ಲಿಸಲೇ?" ಎಂದ.

ಗುರು ಹೇಳಿದ: "ಬಳ್ಳಿ ಕಡಿದ ಮೇಲೆ ಅವಳು ಕೊಟ್ಟ ಆ ಬೆಲ್ಲಕ್ಕೆ ಯಾವ ಬಣ್ಣದ ಚೀಟಿ ಎಂದು ಹೇಳು, ನಿಲ್ಲಿಸೋಣ."