‘ನಾನೇ’ ಎಂದವನಿಗೆ ಸರಿದ ಬಂಡೆ

ಸಿಂಹರಾಜ ಸಿಂಹಿಣಿಯೂ ಮರಿಗಳೂ ಇದ್ದ ತನ್ನ ಗುಹೆಯ ಬಾಯಿಗೆ ಬಂಡೆ ಮುಚ್ಚಿಸಿ, ಒಳಗೆ ಕರಡಿಯನ್ನು ಕಾವಲಿಗಿಟ್ಟ. ಮೊದಲ ದಿನವೇ ಹೊರಗೆ ಸದ್ದಾಯಿತು. ಕರಡಿ ಕೇಳಿತು, “ಯಾರದು?”

“ನಾನೇ.”

“ನಾನೇ ಅಂದರೆ ಯಾರು? ಹೆಸರು ಹೇಳಿ.”

ಸಿಂಹ ಹೆಸರು ಹೇಳಿ ಒಳಗೆ ಬಂದವನೇ ಕರಡಿಯ ಕೆನ್ನೆಗೆ ಬಾರಿಸಿದ. “ನಾನು ಯಾರು ಅಂತ ಗೊತ್ತಿಲ್ಲವೇ ನಿನಗೆ? ನಾನು ಬಂದಾಗ ತಲೆ ತಗ್ಗಿಸಿ ದಾರಿ ಬಿಡಬೇಕು, ಪ್ರಶ್ನೆ ಕೇಳಬಾರದು!”

ಈ ಅಬ್ಬರ ಹೊರಗೆ ಪೊದೆಯಲ್ಲಿದ್ದ ಕತ್ತೆಕಿರುಬನ ಕಿವಿಗೂ ಬಿತ್ತು. ಮರಿಗಳ ಆಸೆಗೆ ಬೆಳಗಿನಿಂದ ಬಂಡೆಯ ಬುಡ ಕೆರೆದು ಕೆರೆದು ಉಗುರು ಸವೆಸಿಕೊಂಡಿದ್ದ ಅವನು, ಅಂದಿನಿಂದ ಕೆರೆಯುವುದನ್ನು ಬಿಟ್ಟು ಸಿಂಹದ ಗತ್ತು ಕಲಿತ.

ಒಂದು ಮಧ್ಯಾಹ್ನ ಸಿಂಹಿಣಿ ನೀರು ಕುಡಿದು ಬರುವಷ್ಟರಲ್ಲಿ ಕಿರಿಯ ಮರಿ ಕಾಣೆಯಾಗಿತ್ತು.

“ಯಾರನ್ನು ಒಳಗೆ ಬಿಟ್ಟೆ?” ಎಂದು ಅವಳು ಕರಡಿಯ ಮೇಲೆ ಎಗರಿದಳು.

“ಯಾರದು ಎಂದೆ, ಮಹಾರಾಣಿ. ‘ನಾನೇ’ ಎಂದು ಗದರಿದರು. ರಾಜರ ಅಪ್ಪಣೆಯಂತೆ ತಲೆ ತಗ್ಗಿಸಿಕೊಂಡೇ ಬಂಡೆ ಸರಿಸಿದೆ. ಅವರು ಹೊರಗೆ ಹೋಗುವಾಗಲೂ ತಲೆ ಎತ್ತಲಿಲ್ಲ.”

ಸಿಂಹಿಣಿ ಕರಡಿಯ ಕೆನ್ನೆಯ ಮೇಲಿದ್ದ ಉಗುರಿನ ಗಾಯ ನೋಡಿದಳು. ಎತ್ತಿದ ಪಂಜವನ್ನು ಇಳಿಸಿ, “ಬಂಡೆ ಮುಚ್ಚು” ಎಂದಳು.

ಸಂಜೆ, ಸಿಂಹ ಮರಳುವ ಹೊತ್ತಿಗೆ, ಮತ್ತೆ ಸದ್ದಾಯಿತು. ಈ ಸಲ ಸಿಂಹಿಣಿಯೇ ಕೇಳಿದಳು, “ಯಾರದು?”

“ನಾನೇ! ಬೇಗ ಬಂಡೆ ಸರಿಸು. ನಾನು ಯಾರು ಅಂತ ಗೊತ್ತಿಲ್ಲವೇ?”

“ಗೊತ್ತಿಲ್ಲ,” ಎಂದಳು ಸಿಂಹಿಣಿ. “ನಮ್ಮ ಮರಿಯನ್ನು ಕಚ್ಚಿಕೊಂಡು ಹೋದವನೂ ‘ನಾನೇ’ ಎಂದೇ ಹೇಳಿದ್ದ.”