ಅಟ್ಟದಿಂದ ಇಳಿದ ರೂಟರ್

ಈ ಕಥೆಯನ್ನು ನನಗೆ ಮೊದಲು ಹೇಳಿದ್ದು ನಮ್ಮ ಬೀದಿಯ ಟೈಲರ್ ವಿಮಲಕ್ಕ. ರವಿಕೆಯ ಅಳತೆ ತೆಗೆಯುತ್ತಾ ಹೇಳಿದರು. ಟೇಪಿನೊಳಗೆ ಸಿಕ್ಕಿಕೊಂಡಿದ್ದೆ, ಪೂರ್ತಿ ಕೇಳದೆ ವಿಧಿಯಿರಲಿಲ್ಲ.

ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಮರುಳಪ್ಪ ಅಂತ ಒಬ್ಬರಿದ್ದರು. ರೋಗಿಗಳಿಗೆ ಟೋಕನ್ ಕೊಡುವುದು ಅವರ ಕೆಲಸ. ಮೂವತ್ನಾಲ್ಕು ವರ್ಷ ಅವರು ಕೊಟ್ಟ ನಂಬರೇ ನಂಬರು. ತಹಸೀಲ್ದಾರರ ಅತ್ತೆಗೆ ಹೊಟ್ಟೆನೋವು ಬಂದರೂ ಸರದಿಯಲ್ಲೇ ನಿಲ್ಲಬೇಕಿತ್ತು. ನಿವೃತ್ತಿಯ ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಮನೆಗೆ ಕಳಿಸಿದರು. ಅದೇ ವಾರ ಮನೆಗೆ ಹೊಸ ಇಂಟರ್ನೆಟ್ ಕನೆಕ್ಷನ್ ಬಂತು, ಜೊತೆಗೆ ಹೊಸ ವೈಫೈ ರೂಟರ್. ಚೆನ್ನಾಗಿಯೇ ಇದ್ದ ಹಳೆಯದು ಅಟ್ಟ ಸೇರಿತು. ಅದಕ್ಕೆ ಶಾಲೂ ಇಲ್ಲ, ಹಣ್ಣೂ ಇಲ್ಲ.

ಬುಟ್ಟಿಯ ಹಣ್ಣು ಮುಗಿಯುವಷ್ಟರಲ್ಲಿ ಮರುಳಪ್ಪನವರಿಗೆ ಕೈ ತುರಿಸತೊಡಗಿತು. ಮನೆಯಲ್ಲಿ ಸರದಿ ನಿಲ್ಲಿಸಲು ಯಾರಿದ್ದಾರೆ? ಕೆಲಸಕ್ಕೆ ಬರುವ ಪುಟ್ಟಲಕ್ಷ್ಮಿ ಸಿಕ್ಕಿದಳು. ಹೆಂಡತಿ ಸರ್ವಮಂಗಳ "ಮೊದಲು ಪಾತ್ರೆ" ಅಂದರೆ ಇವರು "ಮೊದಲು ನೆಲ" ಅನ್ನುವರು. ಸೊಪ್ಪಿನವಳ ಹತ್ತಿರ ಆಕೆ ಎರಡು ಕಟ್ಟು ಕೊಂಡು ಒಳಗೆ ಹೋದರೆ, ಇವರು ಹೊರಗೆ ಬಂದು ಇನ್ನೂ ನಾಲ್ಕು ಕೊಳ್ಳುವರು. ವಾರವಿಡೀ ಸೊಪ್ಪಿನ ಸಾರು.

ಒಂದು ದಿನ ಪುಟ್ಟಲಕ್ಷ್ಮಿ ಪೊರಕೆಯನ್ನು ಮೂಲೆಗೆ ಒರಗಿಸಿ ಸೆರಗಿಗೆ ಕೈ ಒರೆಸಿಕೊಂಡಳು. "ಅಮ್ಮಾ, ಈ ಮನೇಲಿ ಯಾರ ಮಾತು ನಡೆಯುತ್ತೆ ಅಂತ ಗೊತ್ತಾದ ದಿನ ಹೇಳಿ ಕಳಿಸಿ, ಬರ್ತೀನಿ," ಅಂದು ಹೊರಟೇಬಿಟ್ಟಳು.

"ಇಷ್ಟು ವರ್ಷ ನಾನೊಬ್ಬಳೇ ನಡೆಸಿದ ಮನೆ ಕಣ್ರೀ ಇದು," ಅಂದರು ಸರ್ವಮಂಗಳ ಗಂಡನಿಗೆ.

"ಹಂಗಾದ್ರೆ ಆ ಹಳೆ ರೂಟರ್ ಜೊತೆ ನಾನೂ ಅಟ್ಟ ಹತ್ತಿ ಕೂತ್ಕೊಳ್ಳಲಾ?" ಅಂದರು ಮರುಳಪ್ಪ.

"ಹತ್ತಿ, ಏಣಿ ಹಿಡ್ಕೋತೀನಿ."

ಸರ್ವಮಂಗಳ ನಕ್ಕರು. ಮರುಳಪ್ಪನವರಿಗೆ ನಗು ಬರಲಿಲ್ಲ. ಈ ಮನೆಯಲ್ಲಿ ತನಗೊಂದು ಜಾಗ ಇದೆಯೋ ಇಲ್ಲವೋ ಅನ್ನುವ ಯೋಚನೆ ಅವರನ್ನು ನಿಜವಾಗಿಯೂ ಕೊರೆಯುತ್ತಿತ್ತು.

ಸರ್ವಮಂಗಳ ಸೀರೆಗೆ ಕುಚ್ಚು ಕಟ್ಟುವುದರಲ್ಲಿ ಹೆಸರು ಮಾಡಿದವರು. ಬೇರೆ ಬೇರೆ ಊರಿನ ಇಪ್ಪತ್ತೆರಡು ಹೆಂಗಸರು, ಮೊಬೈಲಿನಲ್ಲೇ ಕಲಿಸಿಕೊಡಿ ಎಂದು ಕೇಳಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮೊದಲ ಪಾಠ. ಬೆಳಕು ಚೆನ್ನಾಗಿರುವುದು ಹಿತ್ತಿಲ ಕಡೆಯ ಕೋಣೆಯಲ್ಲಿ. ಆದರೆ ನಡುಮನೆಯ ವೈಫೈ ಅಡುಗೆಮನೆಯ ಗೋಡೆ ದಾಟಿ ಅಲ್ಲಿಗೆ ಹೋಗುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಪರೀಕ್ಷೆಗೆಂದು ತಂಗಿಗೆ ವಿಡಿಯೊ ಕರೆ ಮಾಡಿದರೆ, ಆಕೆಯ ಮುಖ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು.

"ಪಾಠ ಇಲ್ಲ ಅಂತ ಎಲ್ಲರಿಗೂ ಹೇಳಿಬಿಡ್ತೀನಿ ರೀ," ಅಂದರು ಸರ್ವಮಂಗಳ. ಧ್ವನಿ ಸಣ್ಣದಾಗಿತ್ತು.

"ಯಾಕೆ ಇಲ್ಲ? ನಾನಿಲ್ವಾ?"

ಮರುಳಪ್ಪ ಏಣಿ ತಂದರು. ಹಳೆ ರೂಟರ್ ಇಳಿಸಿ, ಧೂಳು ಒರೆಸಿ, ಹೊಸದರಿಂದ ಉದ್ದನೆಯ ತಂತಿ ಎಳೆದು ಹಿತ್ತಿಲ ಕೋಣೆಯಲ್ಲಿ ಕೂರಿಸಿದರು. ದೀಪಗಳೆಲ್ಲ ಹತ್ತಿದವು. ಸ್ವಲ್ಪ ಹೊತ್ತಿಗೆ ನಡುಮನೆಯಲ್ಲಿದ್ದ ಇಂಟರ್ನೆಟ್ಟೂ ಹೋಯಿತು.

"ಇದ್ದಿದ್ದನ್ನೂ ಕಳೆದ್ರಿ!"

ಪಕ್ಕದ ಮನೆಯ ಶಾಹಿದಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವರು. ಕರೆದ ಕೂಡಲೇ ಲ್ಯಾಪ್‌ಟಾಪ್ ಹಿಡಿದು ಬಂದು, ನೋಡಿ ನಕ್ಕರು.

"ಅಂಕಲ್, ತಂತಿ ಸರಿಯಾಗೇ ಹಾಕಿದ್ದೀರಿ. ಆದ್ರೆ ಎರಡೂ ರೂಟರ್ ಮನೆಯ ಮೊಬೈಲುಗಳಿಗೆ ನಂಬರ್ ಹಂಚ್ತಿವೆ. ಸಾಲದು ಅಂತ ಎರಡೂ ನಾನೇ ಒಂದನೇ ನಂಬರು ಅಂತ ಕೂತಿವೆ. ಮೊಬೈಲು ಯಾರ ಮಾತು ಕೇಳಬೇಕು ಹೇಳಿ?"

"ಅಯ್ಯೋ, ಇದು ನನಗೆ ಗೊತ್ತಿರೋ ರೋಗ ಕಣಮ್ಮಾ!" ಮರುಳಪ್ಪನವರ ಮುಖ ಅರಳಿತು. "ಒಂದ್ಸಲ ನಾನು ರಜಾ ಮುಗಿಸಿ ಬಂದೆ. ನನ್ನ ಬದಲಿಗೆ ಬಂದಿದ್ದೋನು ಪಕ್ಕದ ಕಿಟಕೀಲಿ ಕೂತು ಟೋಕನ್ ಕೊಡ್ತಾನೇ ಇದ್ದ. ನಾನೂ ಕೊಟ್ಟೆ. ನೋಡಿದ್ರೆ, ಡಾಕ್ಟರ್ ಬಾಗಿಲಲ್ಲಿ ಹದಿನಾಲ್ಕನೇ ನಂಬರಿನೋರು ಇಬ್ಬರು, ಜಡೆ ಜಡೆ ಹಿಡ್ಕೊಂಡು ನಿಂತಿದ್ರು!"

"ಆ ಬದಲಿಯವರನ್ನ ವಾಪಸ್ ಕಳಿಸಿದ್ರಾ?"

"ಇಲ್ಲಮ್ಮ. ಟೋಕನ್ ಕಟ್ಟು ಮಾತ್ರ ಇಸ್ಕೊಂಡೆ. ಹಿಂದಿನ ವರಾಂಡದಲ್ಲಿ ನಿಂತು, ನಡೆಯೋಕಾಗದೋರನ್ನ ಕೈ ಹಿಡಿದು ಕರ್ಕೊಂಡು ಬಾ ಅಂದೆ. ಮಧ್ಯಾಹ್ನದೊಳಗೆ ಸರದಿ ಕರಗಿತು. ಅವನು ಅಷ್ಟು ಒಳ್ಳೆ ಕೆಲಸಗಾರ ಅಂತ ಅವತ್ತೇ ಗೊತ್ತಾಗಿದ್ದು."

"ಇದಕ್ಕೂ ಅದೇ ಔಷಧಿ ಅಂಕಲ್. ಈ ಹಳೇದು ನಂಬರ್ ಹಂಚೋದು ನಿಲ್ಲಿಸಲಿ. ಇದರ ಒಂದನೇ ನಂಬರನ್ನ ಎರಡು ಮಾಡಿ. ವೈಫೈ ಹೆಸರು, ಪಾಸ್‌ವರ್ಡು ಹೊಸದರದ್ದೇ ಇರಲಿ. ಆಮೇಲೆ ನೋಡಿ, ಹಿತ್ತಿಲವರೆಗೂ ಇಂಟರ್ನೆಟ್ ಮುಟ್ಟಿಸುತ್ತೆ."

ಶಾಹಿದಾ ತೋರಿಸಿದಂತೆ ಮರುಳಪ್ಪ ತಾವೇ ಲ್ಯಾಪ್‌ಟಾಪಿನಲ್ಲಿ ಮಾಡಿದರು. ಒಂದನ್ನು ಅಳಿಸಿದರು. ಎರಡು ಒತ್ತುವ ಮೊದಲು ಬೆರಳು ಒಂದು ಗಳಿಗೆ ನಿಂತಿತು. ಮೂಲೆಗೆ ಒರಗಿದ್ದ ಪೊರಕೆಯನ್ನು ನೋಡಿದರು. ಆಮೇಲೆ ಒತ್ತಿದರು.

ಭಾನುವಾರ ಬೆಳಿಗ್ಗೆ ಅವರೇ ಹೋಗಿ ಪುಟ್ಟಲಕ್ಷ್ಮಿಯನ್ನು ಕರೆತಂದರು. ಅವಳು ಹೊಸಿಲಲ್ಲೇ ನಿಂತು, "ಪಾತ್ರೆ ಮೊದಲೋ, ನೆಲ ಮೊದಲೋ? ಅಪ್ಪಣೆ ಕೊಡಿಸಿ ಸಾರ್," ಅಂದಳು. ಬೇಕಂತಲೇ ಕೇಳಿದ್ದು.

ಮರುಳಪ್ಪ ಬಾಯಿ ತೆರೆದರು. ಮುಚ್ಚಿದರು. "ಇರು, ಒಳಗೆ ಕೇಳ್ಕೊಂಡು ಬರ್ತೀನಿ."

"ಮೈ ಹುಷಾರಿದೆ ತಾನೇ ಸಾರ್?"

ಹಿತ್ತಿಲ ಕೋಣೆಯಲ್ಲಿ ಪಾಠ ಶುರುವಾಗಿತ್ತು. ಯಾರ ಮುಖವೂ ನಿಂತಿರಲಿಲ್ಲ, ಯಾರ ಮಾತೂ ತುಂಡಾಗಿರಲಿಲ್ಲ. "ಮೇಡಂ, ಗಂಟು ಹಾಕೋದು ಕಾಣ್ತಿಲ್ಲ," ಎಂದು ಒಬ್ಬಾಕೆ ಹೇಳಿದರು. ಸರ್ವಮಂಗಳ ಅವರ ಎರಡೂ ಕೈ ರೇಷ್ಮೆ ಎಳೆಗಳಲ್ಲಿ ಸಿಕ್ಕಿದ್ದವು. ಬಾಗಿಲಲ್ಲಿ ನಿಂತ ಗಂಡನನ್ನು ನೋಡಿದರು.

"ರೀ, ಈ ಮೊಬೈಲ್ ಸ್ವಲ್ಪ ಮೇಲಿಂದ ಹಿಡ್ಕೊಳ್ತೀರಾ?"

"ಹಿಡ್ಕೋತೀನಿ. ಮೊದಲು ಪಾತ್ರೆಯೋ ನೆಲವೋ?"

ಸರ್ವಮಂಗಳ ಅವರ ಕೈ ಎಳೆಯಲ್ಲೇ ನಿಂತಿತು. "ಪಾತ್ರೆ," ಅಂದರು ಮೆಲ್ಲಗೆ.

"ಪಾತ್ರೇ...!" ಮರುಳಪ್ಪ ಟೋಕನ್ ಕೂಗುವ ಅದೇ ಗಂಟಲಿನಲ್ಲಿ ಹೊರಗೆ ಮುಟ್ಟಿಸಿದರು. ಇಪ್ಪತ್ತೆರಡು ಹೆಂಗಸರೂ ನಕ್ಕರು. ಆಮೇಲೆ ಮುಕ್ಕಾಲು ಗಂಟೆ ಅವರು ಮೊಬೈಲ್ ಹಿಡಿದು ನಿಂತರು. ಒಂದೊಂದು ಗಂಟೂ ಸ್ಪಷ್ಟವಾಗಿ ಕಂಡಿತು.

ಪಾಠ ಮುಗಿಯುವಾಗ ಒಬ್ಬಾಕೆ ಕೇಳಿದರು, "ಮೇಡಂ, ಮೊಬೈಲ್ ಸ್ಟ್ಯಾಂಡ್ ಎಲ್ಲಿ ತಗೊಂಡ್ರಿ? ಒಂಚೂರೂ ಅಲ್ಲಾಡಲಿಲ್ಲ."

ಸರ್ವಮಂಗಳ ತಲೆಯೆತ್ತಿ ಮರುಳಪ್ಪನವರನ್ನು ನೋಡುತ್ತಾ ಹೇಳಿದರು,

"ಅಂಗಡೀಲಿ ಸಿಗಲ್ಲ ಕಣಮ್ಮಾ. ನಮ್ಮನೇಲೇ ಇತ್ತು."

ನೀತಿ: ಒಂದು ಮನೆಯಲ್ಲಿ ಇಬ್ಬರು ಅಪ್ಪಣೆ ಕೊಡುತ್ತಿದ್ದರೆ ಯಾರ ಕೆಲಸವೂ ಸಾಗುವುದಿಲ್ಲ. ಹಾಗೆಂದು ಒಬ್ಬರನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಯಜಮಾನಿಕೆಯೊಂದನ್ನು ಬಿಟ್ಟುಕೊಟ್ಟರೆ, ಇನ್ನೊಬ್ಬರ ಕೈಗೆ ಎಟುಕದ ಕಡೆ ಅವರೇ ಬೇಕಾಗುತ್ತಾರೆ.

ಓದಿದವರು ಇನ್ನೊಬ್ಬರಿಗೆ ಇದನ್ನು ಹೇಳಿ. ಗಂಡನಿಗೋ ಅತ್ತೆಗೋ ಸೊಸೆಗೋ ಕಳಿಸುವ ಮುಂಚೆ ಮಾತ್ರ, ನಿಮ್ಮ ಕೈಯಲ್ಲೂ ಒಂದು ಟೋಕನ್ ಕಟ್ಟು ಇದೆಯೇ ನೋಡಿಕೊಂಡು ಕಳಿಸಿ.