ದಾಸವಾಳಕ್ಕೆ ಹೊದಿಸಿದ ಶಾಲು

ಶಾಂಭವಮ್ಮನವರ ಹಿತ್ತಲಿನ ದಾಸವಾಳಕ್ಕೆ ಒಂದೇ ಕೊರಗು. ವರ್ಷವಿಡೀ ದೇವರ ಮುಡಿಗೆ ಹೂ ಕೊಟ್ಟರೂ ಕರೆದು ಸನ್ಮಾನ ಮಾಡಿದವರಿಲ್ಲ.

ಒಂದು ಬೆಳಿಗ್ಗೆ ಇರುವೆಗಳ ಸಂಘದ ಅಧ್ಯಕ್ಷ ಕಾಂಡ ಹತ್ತಿ ಬಂದು ಕೈಮುಗಿದ. "ಪುಷ್ಪ ಕ್ಷೇತ್ರದಲ್ಲಿ ತಮ್ಮ ಅನುಪಮ ಸೇವೆಯನ್ನು ಗುರುತಿಸಿ ಶಾಲು ಹೊದಿಸಬೇಕೆಂದಿದ್ದೇವೆ. ತಾವು ಒಪ್ಪಿಕೊಳ್ಳಬೇಕು."

"ಇಂಥದ್ದಕ್ಕೆಲ್ಲ ನನಗೆ ಆಸೆಯಿಲ್ಲಪ್ಪ," ಎನ್ನುತ್ತಲೇ ದಾಸವಾಳ ಕೊಂಬೆ ಬಗ್ಗಿಸಿತು.

ಇರುವೆಗಳು ಹಿಟ್ಟುತಿಗಣೆಗಳನ್ನು ಹೊತ್ತು ತಂದು ಚಿಗುರಿನ ಮೇಲೆ ಕೂರಿಸಿದವು. ಕೆಲವೇ ದಿನಗಳಲ್ಲಿ ಗಿಡದ ಮೈತುಂಬ ಹತ್ತಿಯಂಥ ಬಿಳಿ ಹೊದಿಕೆ.

ಪಕ್ಕದ ಕರಿಬೇವಿಗೆ ನೋಡಲಾಗಲಿಲ್ಲ. "ಅದು ಶಾಲಲ್ಲ, ನಿನ್ನ ರಸ ಹೀರುವ ಹುಳು. ಅಮ್ಮನವರ ಕಣ್ಣಿಗೆ ಬೀಳುವ ಹಾಗೆ ನಿಲ್ಲು, ಬೇವಿನೆಣ್ಣೆ ಸಿಂಪಡಿಸುತ್ತಾರೆ."

"ಒಗ್ಗರಣೆಗೆ ಬಿಟ್ಟರೆ ನಿನ್ನನ್ನು ಕೇಳುವವರಿಲ್ಲ. ಅದಕ್ಕೇ ಈ ಹೊಟ್ಟೆಕಿಚ್ಚು," ಎಂದ ದಾಸವಾಳ, ಶಾಂಭವಮ್ಮ ಬಂದಾಗೆಲ್ಲ ಶಾಲನ್ನು ಎಲೆಯಡಿ ಮುಚ್ಚಿಟ್ಟುಕೊಂಡಿತು.

ಮೊಗ್ಗುಗಳು ಅರಳದೆ ಉದುರತೊಡಗಿದವು. ಕೊನೆಗೆ ದಾಸವಾಳ ಅಧ್ಯಕ್ಷನನ್ನು ಕರೆದು, "ತಮ್ಮ ಶಾಲು ಬಹಳ ಭಾರವಾಯಿತು, ದಯವಿಟ್ಟು ವಾಪಸು ತೆಗೆದುಕೊಳ್ಳಿ" ಎಂದಿತು.

ಹುಳುಗಳು ಸುರಿಸಿದ ಸಿಹಿಯನ್ನು ನೆಕ್ಕುತ್ತಿದ್ದ ಅಧ್ಯಕ್ಷ ಬಾಯೊರೆಸಿಕೊಂಡ. "ಶಾಲು ನಮ್ಮದಲ್ಲ ಸ್ವಾಮಿ, ತಮ್ಮ ರಸದಿಂದಲೇ ನೇಯ್ದದ್ದು."

ಮುಂದಿನ ವಾರ ಶಾಂಭವಮ್ಮ ಒಣಗಿದ ಗಿಡವನ್ನು ಕಿತ್ತು ಬೇಲಿಯಾಚೆ ಎಸೆದರು. ಅಲ್ಲಿ ಬಿದ್ದಿದ್ದ ದಾಸವಾಳಕ್ಕೆ ಅಧ್ಯಕ್ಷನ ದನಿ ಮತ್ತೆ ಕೇಳಿಸಿತು.

"ಒಗ್ಗರಣೆ ಕ್ಷೇತ್ರದಲ್ಲಿ ತಮ್ಮ ಅನುಪಮ ಸೇವೆಯನ್ನು ಗುರುತಿಸಿ..."

"ಇಂಥದ್ದಕ್ಕೆಲ್ಲ ನನಗೆ ಆಸೆಯಿಲ್ಲಪ್ಪ," ಎನ್ನುತ್ತಲೇ ಕರಿಬೇವು ಕೊಂಬೆ ಬಗ್ಗಿಸಿತು.